ತಬ್ಬಲಿಯಲ್ಲದ ಮೊಲದ ಮರಿ



ಮನೆಯ ಕೈತೋಟದ ಹುಲ್ಲಿನಲ್ಲಿ ಅಂಗೈಯಗಲದ ಮೊಲದ ಮರಿಯೊಂದು ಒಂಟಿಯಾಗಿ ಕುಳಿತಿರುವುದನ್ನು ಕಂಡರೆ ಯಾರ ಮನಸ್ಸಾದರೂ ಕರಗುತ್ತದೆ. ಸುತ್ತಮುತ್ತ ತಾಯಿಯ ಸುಳಿವಿಲ್ಲ. ಮೇಲೆ ಹದ್ದು, ಗೇಟಿನಾಚೆ ನಾಯಿ. 'ಅಯ್ಯೋ, ತಬ್ಬಲಿ' ಎಂದು ನಾವು ಅದನ್ನು ಎತ್ತಿಕೊಂಡು ಒಳಗೆ ತರುತ್ತೇವೆ. ಈ ಕರುಣೆ ಸಹಜವಾದುದು, ಮೆಚ್ಚತಕ್ಕದ್ದು. ಆದರೆ ತಿಳಿವಳಿಕೆಯಿಲ್ಲದ ಕರುಣೆಯು ಆ ಜೀವಕ್ಕೇ ಎರವಾಗಬಹುದೆಂಬುದನ್ನು ತಮ್ಮ ಮುಂದಿಡುವುದು ಈ ಉಪನ್ಯಾಸದ ಉದ್ದೇಶ.

ದೆಹಲಿಯಂತಹ ಮಹಾನಗರದಲ್ಲಿ ಕಾಡುಮೊಲವೆಲ್ಲಿಯದು ಎಂದು ಕೆಲವರು ಆಶ್ಚರ್ಯಪಡಬಹುದು. ಅರಾವಳಿ ಬೆಟ್ಟಸಾಲಿನ ಉತ್ತರದ ತುದಿಯು 'ರಿಜ್' ಎಂಬ ಹೆಸರಿನಿಂದ ಈ ನಗರದ ಒಡಲಲ್ಲೇ ಹಾದುಹೋಗಿದೆ. ಅದರ ದಕ್ಷಿಣ ಭಾಗದಲ್ಲಿ ಸುಮಾರು 32 ಚದರ ಕಿಲೋಮೀಟರ್ ವಿಸ್ತಾರದ ಅಸೋಲಾ-ಭಟ್ಟಿ ವನ್ಯಜೀವಿಧಾಮವಿದೆ. ಅಲ್ಲಿನ ಕುರುಚಲು ಕಾಡಿನಲ್ಲಿಯೂ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಆವರಣದಲ್ಲಿಯೂ ಭಾರತೀಯ ಕಾಡುಮೊಲವು ವಾಸಿಸುತ್ತದೆ. ನಮ್ಮ ಕರ್ನಾಟಕದ ಜೋಳದ ಹೊಲಗಳ ಬದುವಿನಿಂದ ಚಂಗನೆ ನೆಗೆದು ಓಡುವುದೂ ಇದೇ ಜಾತಿಯ ಮೊಲ. ಕಾಡಿನ ಅಂಚಿಗೆ ಬಡಾವಣೆಗಳು ಬೆಳೆದಂತೆಲ್ಲ ನಮ್ಮ ಹುಲ್ಲುಹಾಸು ಅದಕ್ಕೂ ಮೇವಿನ ತಾಣವಾಗಿದೆ.

ಕೆಲವು ವರ್ಷಗಳ ಹಿಂದೆ ನಾವು ದಕ್ಷಿಣ ದೆಹಲಿಯಲ್ಲಿ ರಿಜ್‌ಗೆ ಹೊಂದಿಕೊಂಡ ವಸತಿಗೃಹವೊಂದರಲ್ಲಿದ್ದೆವು. ಮಳೆಗಾಲದ ಒಂದು ಬೆಳಗ್ಗೆ ಹುಲ್ಲು ಕತ್ತರಿಸುವಾಗ ಮರಿಯೊಂದು ಕಾಣಿಸಿತು. ಮಕ್ಕಳು ಅದನ್ನು ಒಳಗೆ ತಂದರು. ನಾನೇ ಹಸುವಿನ ಹಾಲನ್ನು ಬೆಚ್ಚಗೆ ಮಾಡಿ ಹತ್ತಿಯ ಬತ್ತಿಯಿಂದ ಕುಡಿಸಿದೆ. ಅಂದು ಮುಸ್ಸಂಜೆ ದೊಡ್ಡ ಮೊಲವೊಂದು ತೋಟದೊಳಗೆ ಬಂದು, ಹುಲ್ಲು ಕತ್ತರಿಸಿದ್ದ ಜಾಗದಲ್ಲಿ ಬಹಳ ಹೊತ್ತು ಸುತ್ತಾಡಿತು. ನಾವು ಕಿಟಕಿಯಿಂದ ನೋಡಿ ಸಂತೋಷಪಟ್ಟೆವೇ ಹೊರತು ಅದು ಏಕೆ ಬಂದಿತೆಂದು ಯೋಚಿಸಲಿಲ್ಲ. ಮೂರನೆಯ ದಿನ ಮರಿ ಸತ್ತುಹೋಯಿತು. ಬಂದದ್ದು ತಾಯಿಯಿರಬೇಕೆಂಬ ಅರಿವು ನನಗೆ ಆಮೇಲೆ, ಈ ಪ್ರಾಣಿಯ ಜೀವನಕ್ರಮವನ್ನು ಓದಿ ತಿಳಿದಾಗ, ಉಂಟಾಯಿತು.

ಸಾಕುಮೊಲದ ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣೂ ತೆರೆದಿರುವುದಿಲ್ಲ. ಕಾಡುಮೊಲದ ಮರಿಗಳಾದರೋ ಮೈತುಂಬ ಕೂದಲು ಮತ್ತು ತೆರೆದ ಕಣ್ಣುಗಳೊಡನೆ ಹುಟ್ಟುತ್ತವೆ. ಅವುಗಳಿಗೆ ಬಿಲವಿಲ್ಲ. ಹುಲ್ಲಿನ ನಡುವೆ ಅಲುಗಾಡದೆ ಕುಳಿತುಕೊಳ್ಳುವುದೇ ಅವುಗಳ ರಕ್ಷಣೆ. ತಾಯಿ ಸದಾ ಹತ್ತಿರವಿದ್ದರೆ ಶತ್ರುಗಳ ಕಣ್ಣು ಮರಿಗಳ ಮೇಲೆ ಬೀಳುತ್ತದೆ. ಆದುದರಿಂದ ಅದು ಹಗಲೆಲ್ಲ ದೂರವೇ ಉಳಿಯುತ್ತದೆ. ಈ ಕುಲದಲ್ಲಿ ಚೆನ್ನಾಗಿ ಅಧ್ಯಯನಗೊಂಡಿರುವ ಯೂರೋಪಿನ ಕಂದು ಮೊಲವು ಸಾಮಾನ್ಯವಾಗಿ ದಿನಕ್ಕೆ ಒಂದೇ ಬಾರಿ, ಸೂರ್ಯಾಸ್ತವಾದ ಬಳಿಕ ಬಂದು, ಕೆಲವೇ ನಿಮಿಷಗಳಲ್ಲಿ ಹಾಲೂಡಿಸಿ ಹೊರಟುಹೋಗುತ್ತದೆ. ಅದರ ಹಾಲಿನಲ್ಲಿ ಕೊಬ್ಬಿನ ಅಂಶ ಹೇರಳವಾಗಿರುವುದರಿಂದ ಅಷ್ಟೇ ಸಾಕಾಗುತ್ತದೆ. ಹಸುವಿನ ಹಾಲು ಅದಕ್ಕೆ ಸಾಟಿಯಲ್ಲ. ಅದು ಮರಿಯ ಜೀರ್ಣಾಂಗಗಳನ್ನು ಕೆಡಿಸುತ್ತದೆ. ಒತ್ತಾಯದಿಂದ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಉಂಟು.

ಹಾಗಾದರೆ ನಾವು ಮಾಡಬೇಕಾದುದೇನು? ಮರಿಯು ಚುರುಕಾದ ಕಣ್ಣುಗಳಿಂದ, ಗಾಯವಿಲ್ಲದೆ, ಸುಮ್ಮನೆ ಕುಳಿತಿದ್ದರೆ ಅದನ್ನು ಮುಟ್ಟದಿರುವುದೇ ಉಪಕಾರ. ಹುಲ್ಲು ಕತ್ತರಿಸುವುದನ್ನು ಅಂದಿಗೆ ನಿಲ್ಲಿಸಿ. ನಾಯಿ, ಬೆಕ್ಕುಗಳನ್ನು ಕಟ್ಟಿಹಾಕಿ ಅಥವಾ ಒಳಗಿರಿಸಿ. ಮಕ್ಕಳನ್ನು ದೂರವಿಡಿ; ಕತ್ತಲಾಗುವ ವೇಳೆಗೆ ತೋಟವನ್ನು ನಿರ್ಜನವಾಗಿ ಬಿಡಿ. ಈಗಾಗಲೇ ಎತ್ತಿ ತಂದಿದ್ದಲ್ಲಿ ತಡಮಾಡದೆ ಅದೇ ಸ್ಥಳದಲ್ಲಿ ಬಿಟ್ಟುಬನ್ನಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ನಂಬಿಕೆಯಿಂದ ಹಿಂಜರಿಯಬೇಕಾಗಿಲ್ಲ.

ಮರಿಗೆ ಗಾಯವಾಗಿದ್ದರೆ, ಮೈಗೆ ನೊಣ ಅಥವಾ ಇರುವೆ ಮುತ್ತಿದ್ದರೆ, ಮೈ ತಣ್ಣಗಾಗಿ ನಿತ್ರಾಣವಾಗಿದ್ದರೆ, ಅಥವಾ ಸಮೀಪದಲ್ಲೇ ತಾಯಿ ಸತ್ತು ಬಿದ್ದಿದ್ದರೆ ನೆರವು ಅವಶ್ಯಕ. ಬೆಕ್ಕು ಕಚ್ಚಿದ ಸಣ್ಣ ಗಾಯವೂ ಕೀವುಗಟ್ಟಿ ಪ್ರಾಣ ತೆಗೆಯಬಲ್ಲುದು. ಇಂತಹ ಮರಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆಯ ಮೇಲಿರಿಸಿ, ಕತ್ತಲೆಯ ನಿಶ್ಶಬ್ದ ಸ್ಥಳದಲ್ಲಿಡಿ. ಚಳಿಗಾಲವಾಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಹಾಲಾಗಲಿ ಆಹಾರವಾಗಲಿ ಕೊಡಬೇಡಿ, ಮುದ್ದಿಸಬೇಡಿ. ಮೊಲವು ಭಯದಿಂದಲೇ ಸಾಯಬಲ್ಲ ಪ್ರಾಣಿ. ಬಳಿಕ ಸೋಪಿನಿಂದ ಕೈ ತೊಳೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಗುರುಗ್ರಾಮ, ಫರೀದಾಬಾದ್‌ಗಳಲ್ಲಿರುವವರು ಹರಿಯಾಣದ ಅರಣ್ಯ ಇಲಾಖೆಯನ್ನೂ, ನೋಯ್ಡಾ, ಗಾಜಿಯಾಬಾದ್‌ಗಳಲ್ಲಿರುವವರು ಉತ್ತರ ಪ್ರದೇಶದ ಇಲಾಖೆಯನ್ನೂ ಸಂಪರ್ಕಿಸಬೇಕು. 1995ರಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆಯೂ ರಾಜಧಾನಿ ಪ್ರದೇಶದಲ್ಲಿ ವನ್ಯಜೀವಿಗಳ ರಕ್ಷಣೆಯಲ್ಲಿ ತೊಡಗಿದೆ.

ಕಾನೂನಿನ ವಿಷಯವನ್ನೂ ಅರಿತಿರುವುದು ಒಳಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಮೊಲವು ಸಂರಕ್ಷಿತ ಪ್ರಾಣಿ. ಅದನ್ನು ಹಿಡಿದು ಮನೆಯಲ್ಲಿ ಸಾಕುವಂತಿಲ್ಲ. ಇಂತಹ ಪ್ರಾಣಿ ಕೈಗೆ ಬಂದಲ್ಲಿ 48 ಗಂಟೆಗಳೊಳಗಾಗಿ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು. ತೋಟದಲ್ಲಿ ಕಂಡದ್ದು ಬಿಳಿಯ ಅಥವಾ ಮಚ್ಚೆಗಳಿರುವ ಸಾಕುಮೊಲವಾದರೆ ಮಾತು ಬೇರೆ. ಅದು ಯಾರದೋ ಮನೆಯಿಂದ ತಪ್ಪಿಸಿಕೊಂಡದ್ದು ಅಥವಾ ಬೇಡವೆಂದು ಬಿಟ್ಟದ್ದು. ಬಯಲಿನಲ್ಲಿ ಬದುಕಲಾರದ ಅದನ್ನು ಒಳಗೆ ಕರೆದುಕೊಂಡು ಪಶುವೈದ್ಯರಿಗೆ ತೋರಿಸುವುದೇ ಯೋಗ್ಯ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮ್ಮಲ್ಲಿದೆ. ನಾನು ಕಂಡ ಮರಿ ತಬ್ಬಲಿಯೇ ಎಂದು ಹಟ ಹಿಡಿಯುವುದೂ ಅಂತಹುದೇ. 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ 51-ಎ ಅನುಚ್ಛೇದವು ಜೀವಿಗಳ ಬಗ್ಗೆ ದಯೆ ತೋರುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಆ ದಯೆ ಕೆಲವೊಮ್ಮೆ ಕೈ ಚಾಚುವುದರಲ್ಲಿದೆ, ಕೆಲವೊಮ್ಮೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿದೆ. ತಮ್ಮ ತೋಟದಲ್ಲಿ ಮರಿಯೊಂದು ಕಂಡ ದಿನ, ದಯಮಾಡಿ ಮುಸ್ಸಂಜೆಯವರೆಗೆ ಕಾಯಿರಿ. ಅದರ ತಾಯಿ ಬರುವ ಹೊತ್ತು ಅದು.