ಕೂಡಿ ಕಟ್ಟುವ ಜಾಲತಾಣಕ್ಕೊಂದು ಸಮಾನ ನೆಲೆ

ಜಾಲತಾಣವೊಂದನ್ನು ಹಲವರು ಕೂಡಿ ಕಟ್ಟುವಾಗ ಮೊದಲು ಕೇಳಿಬರುವ ಮಾತು, ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆಯಲ್ಲ!’ ಹೇಳಿದವರು ಸುಳ್ಳಾಡುತ್ತಿಲ್ಲ. ವಿಂಡೋಸ್ ಮೇಲಿನ ಮೈಎಸ್‌ಕ್ಯೂಎಲ್ ಡೇಟಾಬೇಸು ಕೋಷ್ಟಕಗಳ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಲಿನಕ್ಸ್ ಮೇಲಿನದು ಎಣಿಸುತ್ತದೆ. ಮನೆಯಲ್ಲಿ ಸುಗಮವಾಗಿ ತೆರೆದ ಸದಸ್ಯರ ಪಟ್ಟಿ, ಲಿನಕ್ಸ್ ಸರ್ವರಿಗೆ ಏರಿದೊಡನೆ ‘ಅಂಥ ಕೋಷ್ಟಕವೇ ಇಲ್ಲ’ ಎನ್ನುತ್ತದೆ. ಯುಗಾದಿಯ ಟಿಕೆಟ್ ಮಾರಾಟದ ಹಿಂದಿನ ರಾತ್ರಿ ಇದರ ಕಾರಣ ಹುಡುಕುವ ಸ್ವಯಂಸೇವಕರ ಪಾಡು ಯಾರಿಗೂ ಬೇಡ.

ಆದ್ದರಿಂದ ಎಲ್ಲರ ಬಳಿಯೂ ಸರ್ವರಿನಂಥದೇ ನೆಲೆಯಿರಬೇಕು. 2013ರಲ್ಲಿ ಬಂದ ಡಾಕರ್ ಇದನ್ನು ಸುಲಭಗೊಳಿಸಿತು. ಯಾವ ತಂತ್ರಾಂಶ, ಯಾವ ಆವೃತ್ತಿ ಎಂಬುದನ್ನು ಒಂದು ಕಡತದಲ್ಲಿ ಬರೆದು, ಗಿಟ್‌ನಲ್ಲಿ ಪ್ರೋಗ್ರಾಮಿನ ಜೊತೆಯಲ್ಲೇ ಇರಿಸಿದರಾಯಿತು. ಹೊಸಬರು ಒಂದೇ ಆದೇಶದಿಂದ ಅದೇ ಮೈಎಸ್‌ಕ್ಯೂಎಲನ್ನು ಲಿನಕ್ಸ್ ಮೇಲೆಯೇ ನಡೆಸಬಲ್ಲರು. ಕಟ್ಟಿದವರು ಉದ್ಯೋಗನಿಮಿತ್ತ ಊರು ಬಿಟ್ಟರೂ ತಾಣ ಅನಾಥವಾಗದು. ನಮ್ಮಂಥ ವಲಸಿಗರ ಕೂಟಗಳಿಗೆ ಇದು ಸಣ್ಣ ಮಾತಲ್ಲ.

ಆವೃತ್ತಿಯ ಸಂಖ್ಯೆಯಿರಬೇಕಾದಲ್ಲಿ ‘ಲೇಟೆಸ್ಟ್’ ಎಂದು ಬರೆಯುವುದು ಮಾತ್ರ ಸೋಮಾರಿತನ: ಇಂದಿನ ಲೇಟೆಸ್ಟ್ ನಾಳೆ ಬೇರೆಯಾಗಿರುತ್ತದೆ. ಪಾಸ್‌ವರ್ಡುಗಳೂ ಸದಸ್ಯರ ನಿಜವಾದ ವಿಳಾಸಗಳೂ ಆ ಕಡತಗಳಲ್ಲಿ ಸೇರಕೂಡದು. ಪರೀಕ್ಷೆಗೆ ಕಲ್ಪಿತ ಹೆಸರುಗಳೇ ಸಾಕು.