ರೋಗನಿರ್ಣಯವು ನಡತೆಯ ತೀರ್ಪಲ್ಲ

(ಗ್ರಾಮ ಪಂಚಾಯಿತಿ ಸದಸ್ಯರ ಆರೋಗ್ಯ ತರಬೇತಿ ಶಿಬಿರದಲ್ಲಿ ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಚರಂಡಿ, ಬೀದಿದೀಪ, ಕುಡಿಯುವ ನೀರಿನ ಅಹವಾಲುಗಳು ಸಭೆಗೆ ಬರುತ್ತವೆ. ಇನ್ನು ಕೆಲವು ಅಹವಾಲುಗಳು ಕತ್ತಲಾದ ಮೇಲೆ ತಮ್ಮ ಮನೆಯ ಜಗುಲಿಗೆ ಬರುತ್ತವೆ. ಅಂಥದೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ನಿಶ್ಚಿತಾರ್ಥವಾಗಿ ಮದುವೆಗೆ ಕಾಯುತ್ತಿರುವ ಜೋಡಿ. ಹುಡುಗಿಗೆ ಜನನಾಂಗದ ಹರ್ಪಿಸ್ ಇದೆಯೆಂದು ವೈದ್ಯರು ತಿಳಿಸಿದ್ದಾರೆ. ಆಕೆ ಅದನ್ನು ಮುಚ್ಚಿಡದೆ ಹುಡುಗನಿಗೆ ಹೇಳಿದ್ದಾಳೆ. ವಿಷಯ ಹುಡುಗನ ಮನೆಯವರ ಕಿವಿಗೆ ಬಿದ್ದು, "ಇವಳ ನಡತೆ ಸರಿಯಿಲ್ಲ, ನೀವೇ ಪಂಚಾಯಿತಿ ಮಾಡಿ ಸಂಬಂಧ ಬಿಡಿಸಿ" ಎಂದು ಅವರು ತಮ್ಮ ಬಳಿಗೆ ಬಂದಿದ್ದಾರೆ. ಆಗ ತಾವು ಏನು ಹೇಳುವಿರಿ?

ಉತ್ತರಿಸುವ ಮುನ್ನ ರೋಗದ ಸ್ವರೂಪವನ್ನು ತಿಳಿಯಬೇಕು. ಇದು ವೈರಾಣುವಿನಿಂದ ಬರುವ ಸೋಂಕು. ನೀರುಗುಳ್ಳೆಗಳೆದ್ದು, ಒಡೆದು, ಉರಿಯುವ ಹುಣ್ಣಾಗಿ, ಕೆಲವು ದಿನಗಳಲ್ಲಿ ಮಾಯುತ್ತವೆ. ಬಳಿಕ ವೈರಾಣು ನರಗಳ ಬುಡದಲ್ಲಿ ಸುಪ್ತವಾಗಿ ಉಳಿದು, ಆಗಾಗ ಮರುಕಳಿಸಬಹುದು. ಸರ್ಪಸುತ್ತು ಇದೇ ಕುಟುಂಬದ ಬೇರೊಂದು ವೈರಾಣುವಿನ ಕಾಯಿಲೆ; ಎರಡನ್ನೂ ಒಂದೆಂದು ತಿಳಿಯಬಾರದು.

ಸೋಂಕು ತಗುಲಿದ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಇಲ್ಲವೇ ಕಂಡರೂ ಗಮನಕ್ಕೆ ಬರುವುದಿಲ್ಲ. ವರ್ಷಗಳ ನಂತರ ಮೊದಲ ಬಾರಿಗೆ ಗುಳ್ಳೆ ಏಳಬಹುದು. ತುಟಿಯ ಮೇಲೆ ಗುಳ್ಳೆ ತರುವ ವೈರಾಣುವೂ ಬಾಯಿಯ ಸಂಪರ್ಕದಿಂದ ಜನನಾಂಗಕ್ಕೆ ತಗುಲಬಹುದು. ಆದ್ದರಿಂದ ಇಂದು ಪತ್ತೆಯಾದ ಸೋಂಕು ಎಂದು ಬಂತು, ಯಾರಿಂದ ಬಂತು ಎಂಬುದನ್ನು ಸಾಮಾನ್ಯವಾಗಿ ಖಚಿತವಾಗಿ ಹೇಳಲಾಗದು. ಇಬ್ಬರ ನಡುವೆ ಸಂಪರ್ಕವಾಗಿದ್ದರೆ, ಅದು ಲಕ್ಷಣವಿಲ್ಲದ ಹುಡುಗನಿಂದಲೇ ಬಂದಿರಲೂಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ, 15ರಿಂದ 49 ವಯಸ್ಸಿನವರಲ್ಲಿ ಜಗತ್ತಿನಾದ್ಯಂತ ಸುಮಾರು 84.6 ಕೋಟಿ ಜನರಿಗೆ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಜನನಾಂಗದ ಹರ್ಪಿಸ್ ಸೋಂಕು ಇದೆ. ಇಷ್ಟು ಜನರ ನಡತೆಗೆ ತೀರ್ಪು ಕೊಡುವವರು ಯಾರು?

ಇನ್ನು ಆ ಜೋಡಿಯ ವಿಚಾರ. ಈ ಸೋಂಕನ್ನು ಬೇರುಸಹಿತ ಕಿತ್ತುಹಾಕುವ ಔಷಧಿ ಇಲ್ಲ. ಆದರೆ ಮದುವೆಗಾಗಲಿ, ಮಕ್ಕಳಾಗುವುದಕ್ಕಾಗಲಿ ಅದು ಅಡ್ಡಿಯಲ್ಲ. ಎಸೈಕ್ಲೋವಿರ್ ಮುಂತಾದ ಮಾತ್ರೆಗಳು ಹುಣ್ಣನ್ನು ಬೇಗ ಮಾಯಿಸುತ್ತವೆ. ವೈದ್ಯರ ಸಲಹೆಯಂತೆ ದಿನವೂ ಸೇವಿಸಿದರೆ ಮರುಕಳಿಕೆಯೂ ತಗ್ಗುತ್ತದೆ. ಹುಣ್ಣು ಇರುವಾಗ ಅಥವಾ ಉರಿ, ಜುಮುಗುಡುವಿಕೆ ಆರಂಭವಾದಾಗ ಸಂಪರ್ಕ ಬೇಡ. ಉಳಿದ ದಿನಗಳಲ್ಲಿ ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ಣವಾಗಿ ನಿವಾರಿಸುವುದಿಲ್ಲ. ಇಬ್ಬರೂ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಗರ್ಭಿಣಿಯಾದಾಗ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಗರ್ಭದ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಗುಲಿದ ಸೋಂಕು ಶಿಶುವಿಗೆ ಹೆಚ್ಚು ಅಪಾಯಕಾರಿ. ಶೌಚಾಲಯ, ಹಾಸಿಗೆ, ಈಜುಕೊಳಗಳಿಂದ ಇದು ಹರಡುವುದಿಲ್ಲ. ಆಕೆಯ ತಟ್ಟೆಲೋಟ ಬೇರೆಯಿಡುವುದು ಅಜ್ಞಾನ.

ಆದಕಾರಣ ಜಗುಲಿಗೆ ಬಂದವರಿಗೆ ತಾವು ಹೇಳಬೇಕಾದದ್ದು ಇಷ್ಟೇ: "ಇದು ಪಂಚಾಯಿತಿ ಮಾಡುವ ವಿಷಯವಲ್ಲ, ವೈದ್ಯರನ್ನು ಕಾಣುವ ವಿಷಯ." ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ತಪಾಸಣೆ ಮತ್ತು ಆಪ್ತಸಮಾಲೋಚನೆ ಲಭ್ಯ, 1097 ಶುಲ್ಕರಹಿತ ಸಹಾಯವಾಣಿಯಲ್ಲೂ ಮಾಹಿತಿ ದೊರೆಯುತ್ತದೆ. ಮದುವೆಯಾಗುವುದೋ ಬಿಡುವುದೋ ಎಂಬ ನಿರ್ಧಾರ ಆ ಇಬ್ಬರದೇ. ಅದು ಭಯದಿಂದಲ್ಲ, ತಿಳಿವಳಿಕೆಯಿಂದ ಆಗಲಿ. ತಾವು ಕೇಳಿದ್ದು ತಮ್ಮಲ್ಲೇ ಉಳಿಯಲಿ. ಸಭೆಯಲ್ಲಾಗಲಿ, ಮನೆಯಲ್ಲಾಗಲಿ ಹೆಸರು ಬಾಯಿಗೆ ಬರಬಾರದು.

ಆ ಹುಡುಗಿ ಸತ್ಯವನ್ನು ಹೇಳಿದಳು. ಸತ್ಯ ಹೇಳಿದವಳಿಗೆ ಊರು ಶಿಕ್ಷೆ ಕೊಟ್ಟರೆ, ಮುಂದೆ ಯಾರೂ ಹೇಳುವುದಿಲ್ಲ. ಹೇಳದ ಕಡೆ ಸೋಂಕು ಸದ್ದಿಲ್ಲದೆ ಹರಡುತ್ತದೆ. ಆಕೆಯ ಮಾನವನ್ನು ಕಾಯುವುದು ಊರಿನ ಆರೋಗ್ಯವನ್ನು ಕಾಯುವ ಕೆಲಸವೇ ಆಗಿದೆ.