ಎರಡೇ ಕೋಶ ದಪ್ಪದ ಕಡಲ ಸೊಪ್ಪು

ಕಾರವಾರದಲ್ಲೋ ಮುರುಡೇಶ್ವರದಲ್ಲೋ ನೀರು ಇಳಿದ ಹೊತ್ತಿಗೆ ಬಂಡೆಗಳ ಮೇಲೆ ನಡೆದವರಿಗೆ ಉಲ್ವಾ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ. ಕಾಲು ಜಾರಿಸುವ ಆ ತೆಳ್ಳನೆಯ ಹಸಿರು ಹಾಳೆ ಅದೇ. ಒಂದು ಚೂರನ್ನು ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣುತ್ತದೆ. ಇಡೀ ಹಾಳೆಯ ದಪ್ಪ ಎರಡೇ ಕೋಶ! ಬೇರಿಲ್ಲ, ಕಾಂಡವಿಲ್ಲ, ಬುಡದಲ್ಲಿ ಬಂಡೆಯನ್ನು ಕಚ್ಚಿಕೊಳ್ಳಲು ಒಂದು ಹಿಡಿಕೆ, ಅಷ್ಟೆ.

ಇಷ್ಟು ಸರಳವೆಂದು ತೋರುವ ಇದರ ಸಂಸಾರ ಮಾತ್ರ ಸರಳವಲ್ಲ. ಒಂದೇ ಬಂಡೆಯ ಮೇಲೆ ಅಕ್ಕಪಕ್ಕದಲ್ಲಿರುವ ಎರಡು ಹಾಳೆಗಳಲ್ಲಿ ಒಂದರ ಕೋಶಗಳಲ್ಲಿ ವರ್ಣತಂತುಗಳು ಒಂಟಿಯಾಗಿರಬಹುದು, ಇನ್ನೊಂದರಲ್ಲಿ ಜೋಡಿಯಾಗಿರಬಹುದು. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಒಂಟಿ ಪೀಳಿಗೆಯ ಹಾಳೆ ಎರಡು ಬಾಲದ ಲಿಂಗಕೋಶಗಳನ್ನು ನೀರಿಗೆ ಬಿಡುತ್ತದೆ. ಅವು ಬೆಳಕಿನತ್ತ ಈಜುತ್ತವೆ. ಮೇಲ್ಮೈಯಲ್ಲಿ ಗುಂಪುಗೂಡಿದರೆ ಜೊತೆ ಸಿಗುವುದು ಸುಲಭವಲ್ಲವೇ? ಎರಡು ಕೂಡಿದ್ದೇ ತಡ, ದಿಕ್ಕು ಬದಲು: ಬೆಳಕಿಗೆ ಬೆನ್ನು ಮಾಡಿ ತಳಕ್ಕಿಳಿದು ಕಲ್ಲು ಹಿಡಿಯುತ್ತವೆ. ಅಲ್ಲಿ ಬೆಳೆದ ಜೋಡಿ ಪೀಳಿಗೆಯ ಹಾಳೆ ನಾಲ್ಕು ಬಾಲದ ಬೀಜಕಗಳನ್ನು ಬಿಡುತ್ತದೆ, ಅವುಗಳಿಂದ ಮತ್ತೆ ಒಂಟಿ ಪೀಳಿಗೆ. ಹೀಗೆ ಬಿಟ್ಟುಕೊಟ್ಟ ಅಂಚಿನ ಕೋಶಗಳು ಬರಿದಾಗಿ ಬೆಳ್ಳಗಾಗುತ್ತವೆ. ಅದನ್ನು ಬಿಸಿಲಿಗೆ ಸುಟ್ಟಿದ್ದೆಂದು ತಿಳಿಯುವವರೇ ಹೆಚ್ಚು.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಬೇರೊಂದು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಇಲ್ಲದ ಶುದ್ಧ ನೀರಿನಲ್ಲಿ ಬೆಳೆಸಿದರೆ ಉಲ್ವಾ ಹಾಳೆಯಾಗುವುದೇ ಇಲ್ಲ, ಕೋಶಗಳ ಆಕಾರಗೆಟ್ಟ ಮುದ್ದೆಯಾಗುತ್ತದೆ. ಮೈಮೇಲಿರುವ ಕೆಲವು ಬಗೆಯ ಬ್ಯಾಕ್ಟೀರಿಯಾ ಸ್ರವಿಸುವ ರಾಸಾಯನಿಕಗಳೇ ಅದಕ್ಕೆ ರೂಪ ಕೊಡುವುದು.

ಎಲ್ಲ ಕೋಶಗಳೂ ನೀರಿಗೆ ತಾಗಿಯೇ ಇರುವುದರಿಂದ ಇಡೀ ಮೈ ಗೊಬ್ಬರ ಹೀರುತ್ತದೆ. ಹೊಲಗಳ ನೈಟ್ರೇಟು ಕಡಲಿಗೆ ಹರಿದರೆ ಇದಕ್ಕೆ ಹಬ್ಬ. 2008ರ ಒಲಿಂಪಿಕ್ಸ್‌ಗೆ ಮುನ್ನ ಚೀನಾದ ಚಿಂಗ್‌ದಾವ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ನೀರಿಗೆ ಇದೇ ಕುಲದ ಪಾಚಿ ನುಗ್ಗಿ, ತೆಗೆಯಲು ಸೈನಿಕರೇ ಬರಬೇಕಾಯಿತು. ಫ್ರಾನ್ಸಿನ ಬ್ರಿಟನಿ ತೀರದಲ್ಲಿ ರಾಶಿಬಿದ್ದು ಕೊಳೆತ ಉಲ್ವಾದಿಂದ ಹೊಮ್ಮಿದ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ 2009ರಲ್ಲಿ ಒಂದು ಕುದುರೆ ಸತ್ತಿತು, ಸವಾರ ಪ್ರಜ್ಞೆ ತಪ್ಪಿದ. ಜಪಾನಿನಲ್ಲಿ ಇದರ ಬಂಧುವನ್ನೇ ಒಣಗಿಸಿ ಪುಡಿಮಾಡಿ ಊಟಕ್ಕೆ ಉದುರಿಸಿಕೊಳ್ಳುತ್ತಾರೆ. ಆದರೆ ದಡದಲ್ಲಿ ಕೊಳೆತು, ಮೇಲೆ ಒಣಪದರ ಕಟ್ಟಿದ ರಾಶಿ ಕಂಡರೆ ತುಳಿಯಬೇಡಿ. ಅನಿಲ ಕೂತಿರುವುದು ಆ ಪದರದ ಕೆಳಗೇ.